ಒಂದೇ ಸಾಲು

ನಮ್ಮೂರಿನಲ್ಲಿ ಸಂಜೆಗಾಳಿ ಬೀಸುವ ಹೊತ್ತಿಗೆ ಬಯಲಿನಲ್ಲಿರುವುದೆಲ್ಲ ಸಮ ಸಾಲುಗಳಲ್ಲಿ ಇರಬೇಕು. ಮಡಕೆಯಾಗಲಿ, ಇಟ್ಟಿಗೆಯಾಗಲಿ, ಒಣಹಾಕಿದ ಹಪ್ಪಳವಾಗಲಿ, ಸಾಲಿಗೆ ಸಾಲು ಸಮನಾಗಿದ್ದರೆ ಗಾಳಿ ಮೇಲೆ ಕೈಯಾಡಿಸಿ ಮುಂದೆ ಹೋಗುತ್ತದೆ. ಒಂದು ಹೆಚ್ಚಾಗಿ ಉಳಿದಿದ್ದರೆ ಅದನ್ನು ಎತ್ತಿಕೊಂಡು ಹೋಗಿ ಕೆರೆಯಾಚೆಯ ಹುರುಳಿ ಹೊಲದಲ್ಲಿ ಇಳಿಸುತ್ತದೆ. ಒಂದು ಗುಂಪಿಗೆ ಸೇರಿದ್ದನ್ನು ಮಾತ್ರ ಅದು ಎಣಿಸುತ್ತದೆ, ತಮ್ಮ ಪಾಡಿಗೆ ಅಲ್ಲಿಲ್ಲಿ ನಿಂತವರನ್ನಲ್ಲ. ಏನೂ ಮುಕ್ಕಾಗುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಹುರುಳಿ ಹೊಲದವನ ಮುಂದೆ ನಿಂತು ನಮ್ಮ ಮಡಕೆ ಇತ್ತ ಬಂತಾ ಎಂದು ಕೇಳಬೇಕು. ಅವನು ಕೊಡುವಾಗ ನಮ್ಮ ಏಳು ತಲೆಮಾರಿನ ಲೆಕ್ಕಜ್ಞಾನವನ್ನೂ ವಿಚಾರಿಸಿಕೊಂಡೇ ಕೊಡುತ್ತಾನೆ. ಹೊಸಿಲು ದಾಟಿ ಮನೆಯೊಳಗೆ ಮಾತ್ರ ಗಾಳಿ ಬರುವುದಿಲ್ಲ. ಹಾಗಾಗಿ ಮನೆಯಲ್ಲಿ ಎಷ್ಟು ಜನರಿದ್ದರೂ ನಡೆಯುತ್ತದೆ.

ನಮ್ಮ ಶಾಲೆಗೆ ಹೊಸಿಲಿಲ್ಲ. ಹಿಂದೆ ಅದು ಸಂತೆಯ ಚಾವಡಿಯಾಗಿತ್ತು. ಮೂರು ಕಡೆ ಗೋಡೆ, ಒಂದು ಕಡೆ ಬರೀ ಕಂಬ. ಆದ್ದರಿಂದ ಸಂಜೆಯ ಪ್ರಾರ್ಥನೆಗೆ ಒಂದೊಂದು ತರಗತಿಯೂ ಅಂಗಳದಲ್ಲಿ ತನ್ನ ತನ್ನ ಸಮ ಸಾಲುಗಳಲ್ಲಿ ನಿಂತು, ಗಾಳಿ ಬಂದು ಹೋದಮೇಲೆ ಮಕ್ಕಳು ಮನೆಗೆ ಹೋಗುವುದು ರೂಢಿ. ನಾನು ಹನುಮಕ್ಕ, ಆ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನನ್ನ ಅಡುಗೆಮನೆಗೂ ನಾಲ್ಕನೇ ತರಗತಿಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಟಕಿ. ಸಾರು ಕುದಿಯುವಷ್ಟು ಹೊತ್ತು ನಾನೂ ನಾಲ್ಕನೇ ತರಗತಿಯವಳೇ. ಎಷ್ಟೋ ವರ್ಷದಿಂದ ಅದೇ ತರಗತಿ. ಪಾಸಾಗುವ ಯೋಚನೆ ನನಗಿಲ್ಲ.

ಆ ತರಗತಿಯ ಟೀಚರು ದಾಕ್ಷಾಯಿಣಿ. ಬೇರೆ ಊರುಗಳಲ್ಲಿ ಅಪವರ್ತನ ಎಂದರೆ ಪುಸ್ತಕದ ಒಂದು ಪಾಠವಂತೆ. ನಮ್ಮಲ್ಲಿ ಅದು ಬದುಕು. ಇಪ್ಪತ್ತೆಂಟು ಮಕ್ಕಳು ಹೇಗೆ ನಿಲ್ಲಬಹುದು ಎಂದು ತಿಳಿಯದಿದ್ದರೆ ಒಂದು ಮಗು ಹುರುಳಿ ಹೊಲದಲ್ಲಿರುತ್ತದೆ. ಟೀಚರು ಹುಣಸೆ ಬೀಜದ ಡಬ್ಬಿ ಇಟ್ಟುಕೊಂಡು ಪಾಠ ಮಾಡುತ್ತಿದ್ದರು. ಇಪ್ಪತ್ತೆಂಟು ಬೀಜ ಕೊಟ್ಟು, ಎರಡು ಸಾಲು ಮಾಡಿ ನೋಡಿ, ಸಾಲಿಗೆ ಹದಿನಾಲ್ಕು ಬಂತಾ, ಹಾಗಾದರೆ ಎರಡು ಮತ್ತು ಹದಿನಾಲ್ಕು ಒಂದು ಜೋಡಿ ಎನ್ನುತ್ತಿದ್ದರು. ಮೂರು ಸಾಲು ಮಾಡಿದರೆ ಒಂದು ಉಳಿಯಿತು, ಮೂರನ್ನು ಬಿಡಿ. ನಾಲ್ಕು ಸಾಲಾದರೆ ಏಳೇಳು ಬಂತು, ನಾಲ್ಕು ಮತ್ತು ಏಳು ಇನ್ನೊಂದು ಜೋಡಿ. ಐದಕ್ಕೆ ಬರಲಿಲ್ಲ, ಆರಕ್ಕೆ ಬರಲಿಲ್ಲ, ಏಳಕ್ಕೆ ಬಂದರೆ ಹಳೆಯ ಜೋಡಿಯೇ ತಿರುಗಿ ನಿಂತಿರುತ್ತದೆ. ಜೋಡಿ ತಿರುಗಿ ಬಂತೆಂದರೆ ಹುಡುಕುವ ಕೆಲಸ ಮುಗಿಯಿತು, ಇನ್ನು ಊಟಕ್ಕೆ ಏಳಿ ಎನ್ನುತ್ತಿದ್ದರು. ನನಗೆ ಆ ಕೊನೆಯ ಮಾತು ಬಹಳ ಇಷ್ಟವಾಗುತ್ತಿತ್ತು.

ಒಂದರ ಜೋಡಿಯನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ನಮ್ಮೂರಿನಲ್ಲಿ ಯಾರೂ ಹೇಳುವುದಿಲ್ಲ. ಸುಡುಗಾಡಿಗೆ ಹೋಗುವ ಗುಡ್ಡದ ದಾರಿ ಬಹಳ ಕಿರಿದು. ಚಟ್ಟಕ್ಕೆ ಮುಂದೊಬ್ಬ ಹಿಂದೊಬ್ಬ ಹೆಗಲು ಕೊಟ್ಟರೆ, ಉಳಿದವರು ಒಬ್ಬರ ಬೆನ್ನಿಗೆ ಒಬ್ಬರು ಒಂದೇ ಸಾಲಿನಲ್ಲಿ ನಡೆಯಬೇಕು. ಒಂದೇ ಸಾಲು ಎಂದರೆ ನಮಗೆ ಹೆಣದ ಸಾಲು. ಅದಕ್ಕೇ ಬಟ್ಟೆ ಒಣಗಿಸಲು ಎರಡು ಹಗ್ಗ ಕಟ್ಟುತ್ತೇವೆ, ಬದುವಿನ ಮೇಲೂ ಅವರೆ ಬೀಜವನ್ನು ಎರಡು ಸಾಲು ಹಾಕುತ್ತೇವೆ. ಗೋಡೆಯ ಮೇಲೆ ಇರುವೆ ಸಾಲು ಕಂಡರೆ ನಮ್ಮತ್ತೆ ಮುಖ ತಿರುಗಿಸುತ್ತಿದ್ದರು. ಸರ್ಕಾರದ ಪುಸ್ತಕದಲ್ಲಿ ಹನ್ನೆರಡರ ಜೋಡಿ ಬರೆಯುವಾಗ ಒಂದು ಮತ್ತು ಹನ್ನೆರಡು ಎಂದು ಮೊದಲಿಗೇ ಅಚ್ಚಾಗಿರುತ್ತದೆ. ಪ್ರತಿ ಜೂನ್ ತಿಂಗಳಲ್ಲಿ ಟೀಚರುಗಳೆಲ್ಲ ಕೂತು ಆ ಸಾಲಿನ ಮೇಲೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಅಂಟಿಸಲು ಗಂಜಿ ಕಾಯಿಸಿ ಕೊಡುವವಳು ನಾನೇ.

ಆ ಹೆಣದ ಸಾಲಿನ ವಿಷಯದಲ್ಲಿ ಊರಿಗೊಂದು ಕಥೆಯಿತ್ತು, ಅದು ದಾಕ್ಷಾಯಿಣಿ ಟೀಚರ ಗಂಡನ ಕಥೆ. ಮರುಳಪ್ಪ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದ. ಕರೆದವರ ಕೊಟ್ಟಿಗೆಗೆ ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದ ಒಳ್ಳೆಯ ಮನುಷ್ಯ. ನಮ್ಮಲ್ಲಿ ಹೆಣವನ್ನು ಬೆಳಿಗ್ಗೆಯೇ ಒಯ್ದು ಗಾಳಿಗೆ ಮುಂಚೆ ಮನೆ ಸೇರುತ್ತಾರೆ. ಮರುಳಪ್ಪ ತೀರಿಕೊಂಡಾಗ ದೂರದೂರಿನಿಂದ ಅವನ ಅಣ್ಣ ಬರುವುದು ತಡವಾಗಿ, ಗುಡ್ಡದ ನಡುದಾರಿಯಲ್ಲೇ ಸಂಜೆಗಾಳಿ ಎದುರಾಯಿತು. ಎಲ್ಲರೂ ಕಣ್ಣು ಮುಚ್ಚಿ ನಿಂತರು. ಗಾಳಿ ಮೊದಲಿನಿಂದ ಕೊನೆಯವರೆಗೆ ಸವರಿಕೊಂಡು ಹೋಯಿತೇ ಹೊರತು ಯಾರ ಹೆಗಲಿನ ಟವಲನ್ನೂ ಮುಟ್ಟಲಿಲ್ಲ. ಚಟ್ಟದ ಮುಂದುಗಡೆ ಹೆಗಲು ಕೊಟ್ಟಿದ್ದ ಬೋರಲಿಂಗಯ್ಯ, ಗಾಳಿ ಮರುಳಪ್ಪನಿಗೆ ತಲೆಬಾಗಿತು ಎಂದು ಊರಿಗೆಲ್ಲ ಹೇಳಿದ. ದನದ ಆಸ್ಪತ್ರೆಯಲ್ಲಿ ಫೋಟೋ ಹಾಕಿದರು. ಯಾರಾದರೂ ಆ ಮಾತು ತೆಗೆದರೆ ದಾಕ್ಷಾಯಿಣಿ ಸೆರಗು ಸರಿಮಾಡಿಕೊಂಡು, ಕೇಳಿಸದವರ ಹಾಗೆ ಪೂರ್ತಿ ಕೇಳುತ್ತಿದ್ದರು. ಮಕ್ಕಳಿಲ್ಲದ ಹೆಂಗಸು, ಗಂಡನಿಂದ ಅವರಿಗೆ ಉಳಿದದ್ದು ಆ ಕಥೆಯೊಂದೇ.

ಹೀಗಿರುವಾಗ ತಗಡಿನ ಕೆಲಸದ ಓಬಳೇಶಿ ಎಂಬಾತ ಹೆಂಡತಿ ಮಗಳನ್ನು ಕರೆದುಕೊಂಡು ನಮ್ಮೂರಿಗೆ ಬಂದ. ಗಾಳಿಯ ಊರಿನಲ್ಲಿ ತಗಡಿನ ಕೆಲಸಕ್ಕೇನು ಬರ? ಬಂದ ವಾರವೇ ಅವನಿಗೆ ಕೈತುಂಬ ಕೆಲಸ. ಮಗಳ ಹೆಸರು ಪಾರಿಜಾತ, ಎಲ್ಲರ ಬಾಯಲ್ಲಿ ಪಾರಿ. ಅಪ್ಪನ ಕೆಲಸದ ಹಿಂದೆ ಅಲೆದು ಮೂರು ಶಾಲೆ ಕಂಡು ಬಂದಿದ್ದಳು. ಇನ್ನು ಇಲ್ಲೇ ಇರ್ತೀವಂತೆ, ಅಪ್ಪ ಬಾಗಿಲಿಗೆ ಬಣ್ಣನೂ ಹೊಡೆದ ಎಂದು ಮೊದಲನೇ ದಿನವೇ ತಟ್ಟೆ ಹಿಡಿದು ನಿಂತು ನನಗೆ ಹೇಳಿದಳು. ಬಾಗಿಲಿಗೆ ಬಣ್ಣ ಹೊಡೆದ ಮನೆಯಲ್ಲಿ ಅವಳು ಅದುವರೆಗೆ ಇದ್ದದ್ದೇ ಇಲ್ಲವಂತೆ.

ಆದರೆ ನಾಲ್ಕನೇ ತರಗತಿ ಅವಳಿಂದ ಇಪ್ಪತ್ತೊಂಬತ್ತಾಯಿತು. ಇಪ್ಪತ್ತೊಂಬತ್ತು ನಾವು ಮೊಂಡು ಸಂಖ್ಯೆ ಎನ್ನುವ ಜಾತಿಯದು. ಹೇಗೆ ನಿಲ್ಲಿಸಿದರೂ ಒಂದಾದರೂ ಹೊರಗೆ ಉಳಿಯುತ್ತದೆ. ಮೊದಲ ಸಂಜೆಯೇ ಗಾಳಿ ಪಾರಿಯನ್ನು ಎತ್ತಿಕೊಂಡು ಹೋಯಿತು. ಅವಳ ಲಂಗ ಕೊಡೆಯ ಹಾಗೆ ಅರಳಿ ಕೆರೆಯ ಮೇಲೆ ಹೋಗುವುದನ್ನು ನಾವೆಲ್ಲ ನೋಡಿದೆವು. ಹುಡುಗಿ ಕೂಗಲಿಲ್ಲ. ಚಪ್ಪಲಿ ಬೀಳದಂತೆ ಕಾಲ್ಬೆರಳು ಬಿಗಿ ಹಿಡಿದುಕೊಂಡಿದ್ದಳು, ಅಷ್ಟೆ. ಓಬಳೇಶಿ ಕೆಲಸ ಬಿಟ್ಟು ಕೆರೆ ಸುತ್ತಿ ಹೋಗಿ ಕರೆತಂದ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ಊರವರು ಕೈಕಟ್ಟಿ ಕೂರಲಿಲ್ಲ. ಪಾರಿಯನ್ನು ಬೇರೆ ತರಗತಿಗೆ ಹಾಕೋಣ ಎಂದು ನೋಡಿದರೆ ಒಂದನೆಯದು ಹನ್ನೆರಡರಿಂದ ಹದಿಮೂರಾಗುತ್ತಿತ್ತು, ಎರಡನೆಯದು ಹದಿನಾರರಿಂದ ಹದಿನೇಳು, ಮೂರನೆಯದು ಹದಿನೆಂಟರಿಂದ ಹತ್ತೊಂಬತ್ತು, ಐದನೆಯದು ಇಪ್ಪತ್ತೆರಡರಿಂದ ಇಪ್ಪತ್ತಮೂರು. ಎಲ್ಲವೂ ಮೊಂಡು. ಇಡೀ ಶಾಲೆಯನ್ನು ಒಟ್ಟಿಗೆ ನಿಲ್ಲಿಸಿದರೆ ತೊಂಬತ್ತೇಳು. ಟೀಚರು ರಾತ್ರಿಯೆಲ್ಲ ಬೀಜ ಹರಡಿಕೊಂಡು ನೋಡಿದರಂತೆ, ಅದರಷ್ಟು ಮೊಂಡು ಇನ್ನೊಂದಿಲ್ಲ. ಟೀಚರೇ ಮಕ್ಕಳ ಸಾಲಿನಲ್ಲಿ ಮೂವತ್ತನೆಯವರಾಗಿ ನಿಂತರು. ಗಾಳಿ ಅವರ ಕನ್ನಡಕದ ಧೂಳು ಊದಿ, ಪಾರಿಯನ್ನು ಎತ್ತಿಕೊಂಡಿತು. ಐದನೆಯ ತರಗತಿಯ ಹುಡುಗನೊಬ್ಬನನ್ನು ಎರವಲು ತಂದು ನಿಲ್ಲಿಸಿದರು. ಅಂದು ಹುರುಳಿ ಹೊಲಕ್ಕೆ ಇಬ್ಬರು ಹೋದರು. ಯಾರು ಯಾವ ತರಗತಿಯವರೆಂದು ಗಾಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಶಾಲಾ ಸಮಿತಿಯ ಅಧ್ಯಕ್ಷನಾದ ಬೋರಲಿಂಗಯ್ಯ ಒಂದು ದಾರಿ ಹೇಳಿದ. ಇನ್ನೊಂದು ಮಗು ಬಂದು ಮೂವತ್ತಾಗುವವರೆಗೆ ಪಾರಿ ಬಿಸಿಯೂಟ ಮುಗಿಸಿ ಮನೆಗೆ ಹೋಗಲಿ, ಮನೆಗೆ ಹೊಸಿಲಿದೆಯಲ್ಲ ಎಂದ. ಕೆಟ್ಟ ಮನುಷ್ಯನಲ್ಲ ಅವನು, ಮಗುವಿನ ಒಳ್ಳೆಯದಕ್ಕೇ ಹೇಳಿದ. ಆದರೆ ಊಟದ ನಂತರವೂ ಅರ್ಧ ದಿನದ ಪಾಠವಿರುತ್ತದೆ. ಓಬಳೇಶಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅರ್ಧ ಶಾಲೆಗೆ ಮಗಳನ್ನು ಕಳಿಸುವುದಾದರೆ ಅಲೆದಾಟವೇ ವಾಸಿಯಿತ್ತು, ಸಂತೆ ದಿನ ಊರು ಬಿಡುತ್ತೇನೆ ಎಂದ. ಜಗಳದ ದನಿಯಲ್ಲಿ ಹೇಳಲಿಲ್ಲ. ಅದೇ ನಮಗೆ ಹೆಚ್ಚು ಚುಚ್ಚಿತು. ಮಾರನೆಯ ದಿನ ಪಾರಿ ಅನ್ನ ಬಡಿಸಿಕೊಳ್ಳುವಾಗ, ಬಾಗಿಲಿನ ಬಣ್ಣ ಕೆರೆದು ತಗೊಂಡು ಹೋಗೋಕಾಗಲ್ಲ ಅಲ್ವಾ ಅಜ್ಜಿ ಎಂದು ಕೇಳಿದಳು. ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ.

ಅಂದು ಮಧ್ಯಾಹ್ನ ಟೀಚರು ಮಕ್ಕಳಿಗೆಲ್ಲ ಇಪ್ಪತ್ತೊಂಬತ್ತು ಬೀಜ ಕೊಟ್ಟು, ನನ್ನ ಕಣ್ಣಿಗೆ ಬೀಳದ ಜೋಡಿ ನಿಮ್ಮ ಕಣ್ಣಿಗಾದರೂ ಬೀಳುತ್ತದೋ ನೋಡಿ ಎಂದರು. ನಾನು ಕಿಟಕಿಗೆ ಒರಗಿ ನಿಂತೆ. ಎರಡು ಸಾಲು ಮಾಡಿದವರಿಗೆ ಒಂದು ಉಳಿಯಿತು. ಮೂರಕ್ಕೆ ಎರಡು ಉಳಿಯಿತು, ನಾಲ್ಕಕ್ಕೆ ಒಂದು, ಐದಕ್ಕೆ ನಾಲ್ಕು. ಆರಕ್ಕೆ ಹೋಗುವ ಅಗತ್ಯವೇ ಇಲ್ಲ, ಐದಾರಲಿ ಮೂವತ್ತು, ಇಪ್ಪತ್ತೊಂಬತ್ತನ್ನು ದಾಟಿಬಿಡುತ್ತದೆ ಎಂದು ಒಂದು ಮಗು ಜಾಣತನ ತೋರಿಸಿತು. ಸರಿಯಾಗಿಯೇ ಹೇಳಿತ್ತು, ಆದರೆ ಟೀಚರು ಹೊಗಳಲಿಲ್ಲ. ಅಷ್ಟರಲ್ಲಿ ಕಂಬದ ಬಳಿ ಕೂತಿದ್ದ ನೀಲಾ ಬಿಕ್ಕಿಬಿಕ್ಕಿ ಅಳತೊಡಗಿದಳು. ಅವಳ ತಾತ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ಅವಳ ಪಕ್ಕದಲ್ಲಿ ಪಾರಿ ನೆಲದ ಮೇಲೆ ತನ್ನ ಬೀಜಗಳನ್ನೆಲ್ಲ ಒಂದರ ಹಿಂದೆ ಒಂದು, ಗೋಡೆಯವರೆಗೆ, ಒಂದೇ ಸಾಲಾಗಿ ಇಟ್ಟಿದ್ದಳು.

ಟೀಚರು ಓಡಿಬಂದು ಅದನ್ನು ಅಂಗೈಯಿಂದ ಒರೆಸಿಬಿಟ್ಟರು. ಪಾರಿ ಹೆದರಿದಳು, ಆದರೂ ತಲೆ ಎತ್ತಿ ಕೇಳಿದಳು. "ಇದೂ ಜೋಡಿನೇ ಅಲ್ವಾ ಟೀಚರ್? ಒಂದು ಸಾಲು, ಸಾಲಲ್ಲಿ ಇಪ್ಪತ್ತೊಂಬತ್ತು. ಒಂದೂ ಹೊರಗೆ ಉಳಿದಿಲ್ಲ."

ಇದು ತಪ್ಪು ಎಂದು ಹೇಳಲು ದಾಕ್ಷಾಯಿಣಿ ಬಾಯಿ ತೆರೆದದ್ದನ್ನು ನಾನು ನೋಡಿದೆ. ಅಷ್ಟು ವರ್ಷ ಲೆಕ್ಕ ಕಲಿಸಿದ ಬಾಯಿ, ಸರಿಯಿದ್ದದ್ದನ್ನು ತಪ್ಪೆನ್ನಲು ಹೊರಳಲಿಲ್ಲ. ನೀಲಾಳನ್ನು ಸಮಾಧಾನ ಮಾಡಿ, ಎಲ್ಲರಿಗೂ ಮಗ್ಗಿ ಬರೆಯಲು ಹೇಳಿ, ಅಡುಗೆಮನೆಗೆ ಬಂದು ಎರಡು ಲೋಟ ನೀರು ಕುಡಿದರು. ಆಮೇಲೆ ಹನುಮಕ್ಕ, ಆ ಬೀಜದ ಡಬ್ಬಿ ತಗೊಂಡು ಹಿತ್ತಲಿಗೆ ಬಾ ಎಂದರು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಾವಿಬ್ಬರೂ ಕಳ್ಳರ ಹಾಗೆ ಇಪ್ಪತ್ತೊಂಬತ್ತು ಬೀಜಗಳನ್ನು ಒಂದೇ ಸಾಲಿಟ್ಟೆವು. ಇಷ್ಟು ವಯಸ್ಸಾದರೂ ನಾನು ಅಂಥ ಕೆಲಸ ಮಾಡಿದ್ದಿಲ್ಲ. ಸಂಜೆ ಅಂಗಳದಿಂದ ಪಾರಿಯನ್ನು ಎತ್ತಿಕೊಂಡು ಹೋದ ಗಾಳಿಯೇ ಹಿತ್ತಲಿಗೂ ಬಂತು, ಬೀಜಗಳನ್ನು ತುದಿಯಿಂದ ತುದಿಗೆ ಸವರಿತು, ಹೋಯಿತು. ಎಲ್ಲವೂ ಇದ್ದಲ್ಲೇ ಇದ್ದವು. ನನಗೆ ಕುಣಿಯುವಷ್ಟು ಖುಷಿಯಾಗಿ, ಈಗಲೇ ಬೋರಲಿಂಗಯ್ಯನಿಗೆ ಹೇಳಿಬರೋಣ ಎಂದೆ. ಟೀಚರು ಕಲ್ಲಿನ ಪಕ್ಕ ನೆಲದ ಮೇಲೆ ಕೂತು ಬೀಜದ ಸಾಲನ್ನೇ ನೋಡುತ್ತಿದ್ದರು.

"ಅವತ್ತು ಗುಡ್ಡದ ಮೇಲೆ ನಾವೂ ಹಿಂಗೇ ಇದ್ವಲ್ಲ ಹನುಮಕ್ಕ," ಎಂದರು. "ಗಾಳಿ ಅವರಿಗೆ ತಲೆಬಾಗಿದ್ದಲ್ಲ. ಲೆಕ್ಕ ಸರಿ ಇತ್ತು, ಅಷ್ಟೆ."

ನಾನು ಕೆಳದನಿಯಲ್ಲಿ, ಅದನ್ನು ಯಾಕೆ ಹೇಳಬೇಕು, ಬೀಜದ ವಿಷಯ ಹೇಳಿದರೆ ಸಾಲದೇ ಎಂದೆ. ಸಾಕಾದರೆ ಸಾಕು ಎಂದು ಅವರು ಬೀಜಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು.

ಸಾಲಲಿಲ್ಲ. ಸಂತೆಯ ದಿನ ಸಂಜೆಗೆ ಮುಂಚೆಯೇ ಸಮಿತಿಯವರೂ ತಾಯಂದಿರೂ ಅಂಗಳದಲ್ಲಿ ಸೇರಿದರು. ಬೇಲಿಯಾಚೆ ಓಬಳೇಶಿ ತಳ್ಳುಗಾಡಿಗೆ ಪಾತ್ರೆಪಡಗ ಕಟ್ಟಿ ನಿಲ್ಲಿಸಿದ್ದ, ಶಾಲೆಯಿಂದ ಮಗಳ ಹೆಸರು ತೆಗೆಸಿಕೊಂಡು ಹೋಗಲು ಬಂದಿದ್ದ. ಟೀಚರು ಬೀಜದ ವಿಷಯ ಹೇಳಿದೊಡನೆ ತಾಯಂದಿರು ತಮ್ಮ ತಮ್ಮ ಮಕ್ಕಳ ಕೈ ಹಿಡಿದುಕೊಂಡರು. ಬೋರಲಿಂಗಯ್ಯ ತಾಳ್ಮೆಯಿಂದಲೇ ಮಾತಾಡಿದ. ಬೀಜ ಬೇರೆ, ಮಕ್ಕಳು ಬೇರೆ ಎಂದ. ಮನುಷ್ಯರು ಒಂದೇ ಸಾಲಿನಲ್ಲಿ ಗಾಳಿಗೆ ಸಿಕ್ಕರೆ ಒಬ್ಬರನ್ನಲ್ಲ, ಇಡೀ ಸಾಲನ್ನೇ ಎತ್ತುತ್ತದೆ ಎಂದು ಹಿರಿಯರು ಹೇಳಿದ್ದಾರೆ, ಅದು ಸುಳ್ಳೆಂದು ಕಂಡವರು ಯಾರಿದ್ದಾರೆ ಎಂದು ಕೇಳಿದ.

"ನೀವೇ ಕಂಡಿದೀರಿ," ಎಂದರು ದಾಕ್ಷಾಯಿಣಿ. "ಚಟ್ಟಕ್ಕೆ ನೀವೇ ಹೆಗಲು ಕೊಟ್ಟಿದ್ರಿ. ನಿಮ್ಮ ಹಿಂದೆ ಎಲ್ರೂ ಒಂದೇ ಸಾಲಲ್ಲಿದ್ರು. ಗಾಳಿ ಬಂತು, ಯಾರನ್ನೂ ಮುಟ್ಟಲಿಲ್ಲ."

ಬೋರಲಿಂಗಯ್ಯನ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಯಾರೋ ಅವನ ಕೈಯಿಂದ ಏನನ್ನೋ ಕಿತ್ತುಕೊಂಡ ಹಾಗಿತ್ತು. ಅವನಿಗೂ ಗೆಳೆಯನೇ ಅಲ್ಲವೇ ಮರುಳಪ್ಪ. "ಅದು ಮರುಳಪ್ಪನ ಒಳ್ಳೇತನ ಕಣಮ್ಮ," ಎಂದ. "ಅವನ ಹೆಂಡ್ತಿಯಾಗಿ ನೀವೇ ಇಲ್ಲ ಅಂತೀರಾ?"

"ಅವರು ಒಳ್ಳೇರೇ," ಎಂದರು ಟೀಚರು. "ಅದನ್ನ ಗಾಳಿ ಬಂದು ಹೇಳ್ಬೇಕಾಗಿಲ್ಲ." ಅಲ್ಲಿಯವರೆಗೆ ಗಟ್ಟಿಯಾಗಿದ್ದ ದನಿ ಅಲ್ಲಿ ಒಡೆಯಿತು. ಊರೆಲ್ಲ ಸೇರಿ ಅವರಿಗೆ ಕೊಟ್ಟಿದ್ದನ್ನು ಅವರೇ ಊರ ಮುಂದೆ ಕೆಳಗಿಟ್ಟುಬಿಟ್ಟಿದ್ದರು, ಬಂದು ತಿಂಗಳೂ ಆಗದ ಹುಡುಗಿಗಾಗಿ.

ಗಾಳಿಯ ಹೊತ್ತು ಹತ್ತಿರವಾಗಿತ್ತು. ಟೀಚರು ಪಾರಿಯನ್ನು ಅಂಗಳದ ಆ ತುದಿಯಲ್ಲಿ ನಿಲ್ಲಿಸಿ, ಇವಳ ಹಿಂದೆ ಯಾರು ನಿಲ್ಲುತ್ತೀರಿ ಎಂದು ಕೇಳಿದರು. ಯಾರೂ ಅಲುಗಲಿಲ್ಲ. ಪಾರಿ ತಿರುಗಿ ನೋಡಲಿಲ್ಲ, ಅವಳ ಕಾಲ್ಬೆರಳುಗಳು ಆಗಲೇ ಚಪ್ಪಲಿಯನ್ನು ಬಿಗಿಹಿಡಿದಿದ್ದವು. ಆಗ ನೀಲಾ ತಾಯಿಯ ಕೈ ಬಿಡಿಸಿಕೊಂಡು ಹೋಗಿ ಅವಳ ಹಿಂದೆ ನಿಂತಳು. ನಮ್ಮ ತಾತ ಹೋದಾಗಲೂ ನಾನು ಸಾಲಲ್ಲಿ ನಿಂತಿದ್ದೆ, ಏನೂ ಆಗಲ್ಲ ಎಂದಳಂತೆ ಪಾರಿಯ ಕಿವಿಯಲ್ಲಿ. ಒಬ್ಬರನ್ನು ನೋಡಿ ಒಬ್ಬರು ಬಂದರು. ತಾಯಂದಿರ ಕೈಗಳು ಒಂದೊಂದಾಗಿ ಸಡಿಲವಾದವು. ಕೊನೆಯ ಮಗುವನ್ನು ಕರೆತಂದು ಸಾಲಿನ ತುದಿಗೆ ನಿಲ್ಲಿಸಿದವನು ಬೋರಲಿಂಗಯ್ಯನೇ, ಅದು ಅವನ ಮೊಮ್ಮಗ.

ಗಾಳಿ ಬಂತು. ಪಾರಿಯ ಲಂಗ ಅರಳಿತು. ಓಬಳೇಶಿ ರೂಢಿಯಿಂದ ಕೆರೆಯ ಕಡೆಗೆ ಓಡಲು ಒಂದು ಹೆಜ್ಜೆ ಇಟ್ಟೇಬಿಟ್ಟಿದ್ದ. ಗಾಳಿ ಅವಳ ತಲೆ ಸವರಿ ನೀಲಾಳ ಬಳಿಗೆ ಹೋಯಿತು, ಅಲ್ಲಿಂದ ಮುಂದಿನವನ ಬಳಿಗೆ, ಹೀಗೆ ಒಬ್ಬೊಬ್ಬರ ಕೂದಲನ್ನೂ ಕೆದರಿ ಕೊನೆಯ ಹುಡುಗನನ್ನು ದಾಟಿ ಹೊರಟುಹೋಯಿತು. ಲಂಗ ಇಳಿಯಿತು. ನಾವು ಎಣಿಸಿದೆವು, ಮತ್ತೆ ಎಣಿಸಿದೆವು. ಓಬಳೇಶಿ ಬೇಲಿಯಾಚೆ ಹೋಗಿ ತಳ್ಳುಗಾಡಿಯ ಹಗ್ಗ ಬಿಚ್ಚತೊಡಗಿದ.

ಮರುದಿನ ಟೀಚರು ಬಿಸಿನೀರಿನ ಬಟ್ಟೆ ತಂದು ಪುಸ್ತಕಗಳಿಗೆ ಅಂಟಿಸಿದ್ದ ಕಾಗದದ ಪಟ್ಟಿಗಳನ್ನು ನೆನೆಸಿ ಕೀಳಿಸಿದರು. ನನ್ನ ಗಂಜಿ ಒಳ್ಳೆಯ ಗಂಜಿ, ಸುಲಭಕ್ಕೆ ಬಿಡಲಿಲ್ಲ. ಅವರು ಪಾಠವನ್ನೇನೋ ಚೆನ್ನಾಗಿಯೇ ಮಾಡಿದರು, ಇನ್ನು ಮೇಲೆ ಹುಡುಕಾಟ ಎರಡರಿಂದಲ್ಲ, ಒಂದರಿಂದ ಶುರುವಾಗಬೇಕು, ಒಂದರ ಜೋಡಿ ಇಲ್ಲದ ಸಂಖ್ಯೆಯೇ ಇಲ್ಲ ಎಂದರು. ಆದರೆ ಮುಖದಲ್ಲಿ ಕಳೆಯಿರಲಿಲ್ಲ. ಬರುವಾಗ ದನದ ಆಸ್ಪತ್ರೆಯ ಮುಂದಿನ ದಾರಿ ಬಿಟ್ಟು ಸುತ್ತಿಕೊಂಡು ಬಂದಿದ್ದರು.

ಊಟಕ್ಕೆ ಏಳುವ ಹೊತ್ತಿನಲ್ಲಿ ಪಾರಿ ಅವರ ಮೇಜಿನ ಬಳಿ ಹೋಗಿ, ಅವತ್ತು ಗುಡ್ಡದ ಮೇಲೆ ಸಾಲಿನಲ್ಲಿ ಎಷ್ಟು ಜನ ಇದ್ದಿರಿ ಎಂದು ಕೇಳಿದಳು. ಟೀಚರು ಯೋಚಿಸದೆಯೇ ನಲವತ್ತು ಎಂದರು. ಆ ಸಂಖ್ಯೆ ಅವರಿಗೆ ನಿದ್ದೆಯಲ್ಲೂ ಗೊತ್ತಿತ್ತು. ಪಾರಿ ನೆಲದ ಮೇಲೆ ಕೂತು ನಲವತ್ತು ಬೀಜ ಎಣಿಸಿ ಎರಡು ಸಾಲು ಮಾಡಿದಳು, ನಾಲ್ಕು ಮಾಡಿದಳು, ಐದು ಮಾಡಿದಳು, ಎಲ್ಲದಕ್ಕೂ ಬಂತು. ಆಮೇಲೆ ಡಬ್ಬಿಯಿಂದ ಇನ್ನೊಂದು ಬೀಜ ತೆಗೆದು ಪಕ್ಕದಲ್ಲಿಟ್ಟಳು.

"ನೀವು ಅವರನ್ನ ಬಿಟ್ಟು ಎಣಿಸಿದೀರಿ ಟೀಚರ್. ಚಟ್ಟದ ಮೇಲೆ ಅವರೂ ಇದ್ರಲ್ಲ."

ದಾಕ್ಷಾಯಿಣಿ ಕುರ್ಚಿಯಿಂದ ಇಳಿದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ನಲವತ್ತೊಂದು ಬೀಜ. ಅವರೇ ಎರಡು ಸಾಲು ಮಾಡಿದರು, ಒಂದು ಹೊರಗೆ ಉಳಿಯಿತು. ಮೂರಕ್ಕೆ ಎರಡು ಉಳಿಯಿತು. ನಾಲ್ಕಕ್ಕೆ ಒಂದು, ಐದಕ್ಕೆ ಒಂದು. ಆರಕ್ಕೂ ಬರಲಿಲ್ಲ. ಪಾರಿ ತಾಳ್ಮೆಯಿಂದ ನೋಡುತ್ತಿದ್ದು, ಆಮೇಲೆ ಅವರ ಕೈಯಿಂದ ಬೀಜಗಳನ್ನು ತೆಗೆದುಕೊಂಡು ಒಂದರ ಹಿಂದೆ ಒಂದು ಇಡುತ್ತ ಹೋದಳು. ಕೊನೆಯ ಬೀಜ ಗೋಡೆಯ ಹತ್ತಿರ ಹೋಗಿ ಕೂತಿತು.

"ಇದೊಂದರಲ್ಲೇ ನೋಡಿ, ಅವರು ಹೊರಗೆ ಉಳಿಯಲ್ಲ," ಎಂದಳು.

ಟೀಚರು ಅತ್ತರು. ಮಕ್ಕಳ ಮುಂದೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒರೆಸಿಕೊಳ್ಳಲೂ ಇಲ್ಲ, ಸಾಲಿನ ತುದಿಯ ಬೀಜವನ್ನು ಬೆರಳಿನಿಂದ ಮುಟ್ಟಿ ಇನ್ನಷ್ಟು ನೇರ ಮಾಡಿದರು. ಅಂದು ಅನ್ನ ಆರಿಹೋಯಿತು. ನಾನು ಯಾರನ್ನೂ ಊಟಕ್ಕೆ ಕರೆಯಲಿಲ್ಲ.